ವಸಾಹತು ಕಾಲದ ಅಮೆರಿಕದ ಗಡಿನಾಡು ಮತ್ತು ಕ್ರೈಸ್ತ ಐತಿಹಾಸಿಕ ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತ ಐತಿಹಾಸಿಕ ಕಾದಂಬರಿ ಎಂದು ಯಾವುದನ್ನು ಕರೆಯುತ್ತಾರೆ? ಕಥೆಯಲ್ಲಿ ಚರ್ಚು, ಪಾದ್ರಿ ಇದ್ದರೆ ಸಾಕೇ?

ಸಾಲದು. ವಸಾಹತು ಕಾಲದ ಅಮೆರಿಕದ ಬಗ್ಗೆ ಬರೆದ ಯಾವ ಕಾದಂಬರಿಯಲ್ಲಾದರೂ ಪಾದ್ರಿಯೊಬ್ಬ ಬಂದೇ ಬರುತ್ತಾನೆ, ಏಕೆಂದರೆ ಆ ಸಮಾಜದಲ್ಲಿ ಹುಟ್ಟು, ಸಾವು, ನೆರೆಹೊರೆಯ ಜಗಳ ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಸಭೆಯ, ಅಂದರೆ ಊರಿನ ಚರ್ಚಿನ, ಕಣ್ಣಿಗೆ ಬೀಳುತ್ತಿದ್ದವು. ಕಥೆಯ ನಡುವಿನ ಪ್ರಶ್ನೆಯೇ ನಂಬಿಕೆಯ ಪ್ರಶ್ನೆಯಾಗಿದ್ದಾಗ, ಅಂದರೆ ತನ್ನ ಮಗುವನ್ನು ಕೊಂದವನನ್ನು ಕ್ಷಮಿಸುವುದೋ ಬೇಡವೋ, ಮೌನವಾಗಿರುವ ದೇವರಲ್ಲಿ ಭರವಸೆ ಇಡುವುದೋ ಬಿಡುವುದೋ ಎಂಬುದರ ಮೇಲೆ ಕಥೆಯ ತಿರುವು ನಿಂತಿದ್ದಾಗ ಮಾತ್ರ ಈ ಹೆಸರು ಸಲ್ಲುತ್ತದೆ.

ಇಂದಿನ ಅಮೆರಿಕದಲ್ಲಿ ಇದು ತನ್ನದೇ ಪ್ರಕಾಶಕರು, ಅಂಗಡಿಗಳು, ಪ್ರಶಸ್ತಿಗಳು ಇರುವ ಪ್ರತ್ಯೇಕ ಮಾರುಕಟ್ಟೆ. 1979ರಲ್ಲಿ ಮಿನ್ನೆಸೋಟದ ಬೆಥನಿ ಹೌಸ್ ಸಂಸ್ಥೆ ಹುಲ್ಲುಗಾವಲು ಸೀಮೆಯ ಒಂದು ಸರಳ ಪ್ರೇಮಕಥೆಯನ್ನು ಪ್ರಕಟಿಸಿ, ಅದು ನಿರೀಕ್ಷೆ ಮೀರಿ ಮಾರಾಟವಾದ ಮೇಲೆ ಉಳಿದ ಪ್ರಕಾಶಕರೂ ಈ ಕಡೆ ಹೊರಳಿದರು. ಬೈಗುಳ ಇರಬಾರದು, ಶೃಂಗಾರ ಮಿತಿ ಮೀರಬಾರದು, ಕೊನೆಗೆ ಭರವಸೆ ಉಳಿಯಬೇಕು ಎಂಬ ಅಲಿಖಿತ ನಿಯಮಗಳು ಆಗಲೇ ಬೇರೂರಿದವು.

ಗಡಿನಾಡು ಎಂದರೆ ಕೌಬಾಯ್‌ಗಳ ಪಶ್ಚಿಮ ಸೀಮೆಯೇ?

ಅಲ್ಲ. ಕೌಬಾಯ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವನು. ಇಲ್ಲಿ ನಾವು ಮಾತನಾಡುತ್ತಿರುವುದು 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನ್ ನೆಲೆಗೊಂಡಂದಿನಿಂದ ಸ್ವಾತಂತ್ರ್ಯಯುದ್ಧ ಮುಗಿಯುವವರೆಗಿನ ಕಾಲದ ಬಗ್ಗೆ. ಆಗ ಗಡಿ ಎನ್ನುವುದು ದಟ್ಟ ಕಾಡಿನ ಅಂಚಾಗಿತ್ತು, ಮತ್ತು ಅದು ಒಂದೆಡೆ ನಿಲ್ಲುತ್ತಲೂ ಇರಲಿಲ್ಲ. 1676ರಲ್ಲಿ ಬಾಸ್ಟನ್‌ನಿಂದ ಒಂದೆರಡು ದಿನದ ನಡಿಗೆಯ ದೂರದಲ್ಲಿದ್ದ ಲ್ಯಾಂಕಾಸ್ಟರ್ ಎಂಬ ಹಳ್ಳಿಯೇ ಗಡಿ; 1704ರಲ್ಲಿ ಕನೆಕ್ಟಿಕಟ್ ನದಿಯ ಕಣಿವೆಯ ಡೀರ್‌ಫೀಲ್ಡ್; 1750ರ ದಶಕದಲ್ಲಿ ಪೆನ್ಸಿಲ್ವೇನಿಯದ ಸಸ್ಕ್ವೆಹಾನ ನದಿಯ ಆಚೆ ದಡ ಮತ್ತು ವರ್ಜೀನಿಯದ ಶೆನಾಂಡೋವ ಕಣಿವೆ. 1763ರಲ್ಲಿ ಬ್ರಿಟಿಷ್ ದೊರೆ ಅಪಲೇಷಿಯನ್ ಬೆಟ್ಟಸಾಲಿನ ಆಚೆ ನೆಲೆಸಕೂಡದೆಂದು ಘೋಷಣೆ ಹೊರಡಿಸಿದನಾದರೂ ವಲಸಿಗರು ಅದನ್ನು ಲೆಕ್ಕಿಸಲಿಲ್ಲ.

ಈ ಪ್ರಕಾರದ ಬೇರು ಎಲ್ಲಿದೆ?

ಅಮೆರಿಕದ ಮೊದಲ ಜನಪ್ರಿಯ ಗದ್ಯಪ್ರಕಾರಗಳಲ್ಲೊಂದಾದ ಸೆರೆವಾಸದ ಕಥನಗಳಲ್ಲಿದೆ. ಇವು ಕಾದಂಬರಿಗಳಲ್ಲ, ನಡೆದ ಘಟನೆಗಳ ನಿರೂಪಣೆಗಳು. ಆದರೆ ಇಂದಿನ ಕಾದಂಬರಿಕಾರರು ಬಳಸುವ ಕಥೆಯ ಹಂದರವೆಲ್ಲ ಅಲ್ಲಿಂದಲೇ ಬಂದಿದೆ: ಬೆಳಗಿನ ಜಾವದ ದಾಳಿ, ಹಿಮದಲ್ಲಿ ಕಾಲ್ನಡಿಗೆ, ದಾರಿಯಲ್ಲಿ ಸಾಯುವ ಮಗು, ಹಸಿವು, ಪ್ರಾರ್ಥನೆ, ಬಿಡುಗಡೆ.

ಇವುಗಳಲ್ಲಿ ಮೊದಲು ನೆನಪಾಗಬೇಕಾದುದು ಮೇರಿ ರೋಲಂಡ್‌ಸನ್ ಅವರ ಕಥನ. ಲ್ಯಾಂಕಾಸ್ಟರ್‌ನ ಸಭಾಪಾಲಕನ (ಪಾದ್ರಿಯ) ಹೆಂಡತಿಯಾದ ಆಕೆ 1676ರ ಫೆಬ್ರವರಿಯಲ್ಲಿ, ಇಂಗ್ಲಿಷರು ಕಿಂಗ್ ಫಿಲಿಪ್ ಎಂದು ಕರೆಯುತ್ತಿದ್ದ ಮೂಲನಿವಾಸಿ ನಾಯಕನಿಂದಾಗಿ ಕಿಂಗ್ ಫಿಲಿಪ್‌ನ ಯುದ್ಧ ಎಂದು ಹೆಸರಾದ ಸಂಘರ್ಷದ ನಡುವೆ ಸೆರೆಸಿಕ್ಕು, ಸುಮಾರು ಹನ್ನೊಂದು ವಾರ ಮೂಲನಿವಾಸಿಗಳೊಡನೆ ಅಲೆದು, 20 ಪೌಂಡು ಒತ್ತೆಹಣದ ಮೇಲೆ ಬಿಡುಗಡೆಯಾದರು. ಗಾಯಗೊಂಡಿದ್ದ ಆರು ವರ್ಷದ ಮಗಳು ಆಕೆಯ ತೋಳಲ್ಲೇ ತೀರಿಕೊಂಡಳು. 1682ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಆಕೆ ತನ್ನ ಪ್ರತಿಯೊಂದು ಸಂಕಟಕ್ಕೂ ಸತ್ಯವೇದದ (ಬೈಬಲಿನ) ಒಂದೊಂದು ವಾಕ್ಯವನ್ನು ಆಸರೆಯಾಗಿ ಹಿಡಿಯುತ್ತಾ ಹೋಗುತ್ತಾರೆ. ಆ ಸತ್ಯವೇದದ ಪ್ರತಿಯನ್ನು ಆಕೆಗೆ ಕೊಟ್ಟವನು ಮೆಡ್‌ಫೀಲ್ಡ್ ಎಂಬ ಊರನ್ನು ಲೂಟಿಮಾಡಿ ಬಂದ ಒಬ್ಬ ಮೂಲನಿವಾಸಿ. ತನ್ನ ಬುಟ್ಟಿಯಿಂದ ತೆಗೆದು, ಬೇಕೇ ಎಂದು ಕೇಳಿ ಕೊಟ್ಟನೆಂದು ಆಕೆಯೇ ಬರೆದಿದ್ದಾರೆ.

ಇದರ ಹಿಂದೆ ಇನ್ನೊಂದು ಕಥೆಯಿದೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದುದು. ಜಾನ್ ಎಲಿಯಟ್ ಎಂಬ ಪಾದ್ರಿ ಮೆಸಚೂಸೆಟ್ ಎಂಬ ಮೂಲನಿವಾಸಿ ಭಾಷೆಗೆ ಅನುವಾದಿಸಿದ ಸಂಪೂರ್ಣ ಸತ್ಯವೇದ 1663ರಲ್ಲಿ ಮೆಸಚೂಸೆಟ್ಸ್‌ನ ಕೇಂಬ್ರಿಜ್ ಎಂಬ ಊರಿನಲ್ಲಿ ಅಚ್ಚಾಯಿತು. ಆ ಕೆಲಸದಲ್ಲಿ ತೊಡಗಿದ್ದವರಲ್ಲಿ ನಿಪ್‌ಮಕ್ ಜನಾಂಗದ ಜೇಮ್ಸ್ ಪ್ರಿಂಟರ್ ಎಂಬ ಕ್ರೈಸ್ತನೂ ಒಬ್ಬ. ರೋಲಂಡ್‌ಸನ್ ಅವರ ಬಿಡುಗಡೆಯ ಮಾತುಕತೆಗೆ ಪತ್ರಗಳನ್ನು ಬರೆದುಕೊಟ್ಟವರು ಇಂಥ ಅಕ್ಷರಸ್ಥ ಮೂಲನಿವಾಸಿ ಕ್ರೈಸ್ತರೇ, ಮತ್ತು ಆಕೆಯ ಪುಸ್ತಕದ ಒಂದು ಆವೃತ್ತಿ ಹೊರಬಂದದ್ದೂ ಪ್ರಿಂಟರ್ ದುಡಿಯುತ್ತಿದ್ದ ಆ ಕೇಂಬ್ರಿಜ್ ಮುದ್ರಣಾಲಯದಿಂದಲೇ. ಹಾಗಿದ್ದೂ ಆಕೆಯ ಪುಟಗಳಲ್ಲಿ ಅವರ ಬಗ್ಗೆ ಇರುವುದು ಕಹಿ ಮತ್ತು ಅಪನಂಬಿಕೆ. ಬಂದೂಕಿನ ಎರಡೂ ತುದಿಯಲ್ಲಿ ಕ್ರೈಸ್ತರಿದ್ದರು ಎಂಬ ಸಂಗತಿಯನ್ನು ಈ ಪ್ರಕಾರ ಹುಟ್ಟಿದ ದಿನದಿಂದಲೇ ನುಂಗಲಾಗದೆ ಒದ್ದಾಡುತ್ತಿದೆ.

ಸೆರೆಸಿಕ್ಕವರೆಲ್ಲ ಮರಳಿ ಬಂದರೇ? ಕಾದಂಬರಿಗಳಲ್ಲಿ ಬಹುಮಟ್ಟಿಗೆ ಬರುತ್ತಾರಲ್ಲ?

ವಾಸ್ತವದಲ್ಲಿ ಅನೇಕರು ಬರಲಿಲ್ಲ, ಕೆಲವರು ಬರಲು ಒಪ್ಪಲಿಲ್ಲ. 1704ರ ಫೆಬ್ರವರಿ 29ರಂದು ಫ್ರೆಂಚರೂ ಅವರ ಮಿತ್ರ ಮೂಲನಿವಾಸಿಗಳೂ ಡೀರ್‌ಫೀಲ್ಡ್ ಮೇಲೆ ಬಿದ್ದು ನೂರಕ್ಕೂ ಹೆಚ್ಚು ಜನರನ್ನು ಕೆನಡಾದ ಕಡೆಗೆ ನಡೆಸಿಕೊಂಡು ಹೋದರು. ಸಭಾಪಾಲಕ ಜಾನ್ ವಿಲಿಯಮ್ಸ್ ಅವರ ಹೆಂಡತಿ ದಾರಿಯಲ್ಲೇ ಕೊಲೆಯಾದರು. ವಿಲಿಯಮ್ಸ್ 1706ರಲ್ಲಿ ಬಿಡುಗಡೆಯಾಗಿ ಬಂದು, ಮರುವರ್ಷ ತಮ್ಮ ಕಥನವನ್ನು ಪ್ರಕಟಿಸಿದರು. ಆದರೆ ಏಳು ವರ್ಷದ ಮಗಳು ಯೂನಿಸ್ ಮಾಂಟ್ರಿಯಲ್ ಹತ್ತಿರದ ಕಾನವಾಕೆ ಎಂಬ ಮೋಹಾಕ್ ಊರಿನಲ್ಲೇ ಉಳಿದು, ಇಂಗ್ಲಿಷನ್ನು ಮರೆತು, ಕಥೋಲಿಕಳಾಗಿ, ಮೋಹಾಕ್ ಯುವಕನನ್ನು ಮದುವೆಯಾಗಿ, ವೃದ್ಧಾಪ್ಯದವರೆಗೆ ಅಲ್ಲೇ ಬಾಳಿದಳು. ತಂದೆಗೆ ಅದು ಎರಡು ಬಾರಿ ಕಳೆದುಕೊಂಡ ಹಾಗೆ: ಮಗಳು ಮೂಲನಿವಾಸಿಯಾದದ್ದಕ್ಕಿಂತ ಅವಳು ಪೋಪನ ಮತಕ್ಕೆ ಸೇರಿದ್ದು ಅವರಿಗೆ ಕಡಿಮೆ ನೋವಿನ ವಿಷಯವೇನೂ ಆಗಿರಲಿಲ್ಲ. ಪೆನ್ಸಿಲ್ವೇನಿಯದಿಂದ ಸೆರೆಹೋದ ಮೇರಿ ಜೆಮಿಸನ್ ಕೂಡ ಸೆನೆಕಾ ಜನರ ನಡುವೆಯೇ ಉಳಿದು, ಮುದುಕಿಯಾದ ಮೇಲೆ ಹೇಳಿಸಿ ಬರೆಸಿದ ಜೀವನಕಥೆ 1824ರಲ್ಲಿ ಪ್ರಕಟವಾಯಿತು. ಇಂಥ ಬದುಕುಗಳನ್ನು ಎತ್ತಿಕೊಂಡ ಕಾದಂಬರಿಗಳಲ್ಲಿ ಕೊನೆಯ ಅಧ್ಯಾಯಕ್ಕೆ ನಾಯಕಿಯನ್ನು ಬಲವಂತವಾಗಿ ಮನೆಗೆ ತಂದುಬಿಡುವ ಆತುರ ಹೆಚ್ಚು. ಆ ಆತುರವಿಲ್ಲದ ಕೃತಿ ಸಿಕ್ಕರೆ ಬಿಡದೆ ಓದಬೇಕು.

ಗಡಿನಾಡಿನ ಕ್ರೈಸ್ತರೆಲ್ಲ ಪ್ಯೂರಿಟನ್ನರೇ?

ಅಲ್ಲ. ಇಂಗ್ಲೆಂಡಿನ ಸಭೆಯನ್ನು ಶುದ್ಧಗೊಳಿಸಬೇಕೆಂದ ಕಟ್ಟುನಿಟ್ಟಿನ ಪ್ರೊಟೆಸ್ಟಂಟರಾದ ಪ್ಯೂರಿಟನ್ನರು ನ್ಯೂ ಇಂಗ್ಲೆಂಡಿಗೆ, ಅಂದರೆ ಮೆಸಚೂಸೆಟ್ಸ್ ಮತ್ತು ಅದರ ಸುತ್ತಲಿನ ವಸಾಹತುಗಳಿಗೆ ಸೇರಿದವರು. ವರ್ಜೀನಿಯದಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ) ಸಭೆಯೇ ಸರ್ಕಾರದ ಸಭೆ. ಬೇರೆ ಪಂಗಡದ ಬೋಧಕ ಅಲ್ಲಿ ಬೋಧಿಸಬೇಕಾದರೆ ಪರವಾನಗಿ ಪಡೆಯಬೇಕಿತ್ತು. ಉತ್ತರ ಐರ್ಲೆಂಡಿನಿಂದ ಬಂದ ಸ್ಕಾಟಿಷ್ ಮೂಲದ ಪ್ರೆಸ್‌ಬಿಟೀರಿಯನ್ನರು ಫಿಲಡೆಲ್ಫಿಯದಿಂದ ಹೊರಟು, ದೊಡ್ಡ ಬಂಡಿದಾರಿ ಹಿಡಿದು ದಕ್ಷಿಣದ ಕಣಿವೆಗಳಿಗೆ ಇಳಿದರು. ಅವರ ಜೊತೆಗೇ ಜರ್ಮನ್ ಭಾಷೆಯ ಲೂಥರನ್ನರು, ಮೆನೊನೈಟರು ಬಂದರು. ಪೆನ್ಸಿಲ್ವೇನಿಯದ ಅಧಿಕಾರ ಬಹುಕಾಲ ಆಯುಧ ಹಿಡಿಯದ ಕ್ವೇಕರರ ಕೈಯಲ್ಲಿತ್ತು. ಗಡಿಯಲ್ಲಿ ಮನೆ ಸುಟ್ಟುಹೋದ ಪ್ರೆಸ್‌ಬಿಟೀರಿಯನ್ ರೈತನಿಗೂ ಫಿಲಡೆಲ್ಫಿಯದಲ್ಲಿ ಕುಳಿತು ಶಾಂತಿಯ ಮಾತಾಡುವ ಕ್ವೇಕರನಿಗೂ ನಡುವೆ ಇದ್ದ ಸಿಟ್ಟು ಒಂದಿಡೀ ಕಾದಂಬರಿಗೆ ಸಾಕಾಗುವಷ್ಟು ಇದೆ.

ಇವರೆಲ್ಲರಿಗಿಂತ ವಿಶಿಷ್ಟರು 1741ರಲ್ಲಿ ಪೆನ್ಸಿಲ್ವೇನಿಯದ ಬೆತ್ಲೆಹೆಮ್ ಊರನ್ನು ಕಟ್ಟಿದ ಮೊರೇವಿಯನ್ನರು ಎಂಬ ಪ್ರೊಟೆಸ್ಟಂಟ್ ಪಂಗಡದವರು. ಅವಿವಾಹಿತ ಗಂಡಸರು, ಅವಿವಾಹಿತ ಹೆಂಗಸರು, ವಿಧವೆಯರು ಹೀಗೆ ಗುಂಪು ಗುಂಪಾಗಿ ಪ್ರತ್ಯೇಕ ಮನೆಗಳಲ್ಲಿ ವಾಸಿಸುತ್ತಿದ್ದರು; ಮಹತ್ವದ ನಿರ್ಧಾರಗಳನ್ನು, ಮದುವೆಯನ್ನೂ ಸೇರಿಸಿ, ಪ್ರಾರ್ಥನೆ ಮಾಡಿ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿಯಲ್ಲಿ ಬೇಡವೆಂದು ಬಂದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು. ಪ್ರೇಮಕಥೆ ಬರೆಯುವವರಿಗೆ ಇದಕ್ಕಿಂತ ಹೆಚ್ಚು ಒಳಗುದಿಯಿರುವ ಸನ್ನಿವೇಶ ಸಿಗುವುದು ಕಷ್ಟ. ಪ್ರತಿಯೊಬ್ಬ ಸದಸ್ಯನೂ ತನ್ನ ಆತ್ಮಕಥನವನ್ನು ಬರೆದಿಡುವ, ಅದನ್ನು ಅವನ ಉತ್ತರಕ್ರಿಯೆಯ ದಿನ ಓದುವ ಪದ್ಧತಿಯೂ ಅವರಲ್ಲಿತ್ತು. ಆ ಬರಹಗಳು ಇಂದಿಗೂ ಬೆತ್ಲೆಹೆಮ್‌ನ ದಾಖಲೆಮನೆಯಲ್ಲಿವೆ.

ಕಾದಂಬರಿಗಳಲ್ಲಿ ಬರುವ ಭಕ್ತಿ ಆ ಕಾಲದ ಭಕ್ತಿಯೇ?

ಬಹಳಷ್ಟು ಸಲ ಅಲ್ಲ, ಮತ್ತು ಈ ಪ್ರಕಾರದ ಮುಖ್ಯ ದೌರ್ಬಲ್ಯವೇ ಇದು. ಬಂದೂಕು, ಬಟ್ಟೆ, ಅಡಿಗೆ ಇವುಗಳ ವಿಷಯದಲ್ಲಿ ಎಳ್ಳಷ್ಟೂ ತಪ್ಪದ ಲೇಖಕರು ಪ್ರಾರ್ಥನೆಯ ವಿಷಯಕ್ಕೆ ಬಂದಾಗ ಎರಡು ಶತಮಾನ ಮುಂದಕ್ಕೆ ಜಾರಿಬಿಡುತ್ತಾರೆ.

ಒಂದು ಉದಾಹರಣೆ ಹಾಡಿನದು. 1755ರ ಕಥೆಯಲ್ಲಿ ವಿಧವೆಯೊಬ್ಬಳು ‘ಅಮೇಜಿಂಗ್ ಗ್ರೇಸ್’ ಹಾಡಿದರೆ ಅದು ಸಾಧ್ಯವಿಲ್ಲದ ಮಾತು: ಜಾನ್ ನ್ಯೂಟನ್ ಬರೆದ ಆ ಗೀತೆ ಅಚ್ಚಾದದ್ದು 1779ರಲ್ಲಿ, ಈಗ ಎಲ್ಲರೂ ಬಲ್ಲ ಧಾಟಿಗೆ ಅದು ಸೇರಿಕೊಂಡದ್ದು 1835ರಲ್ಲಿ. ಅವಳು ಪ್ರೆಸ್‌ಬಿಟೀರಿಯನ್ನಳಾಗಿದ್ದರೆ ಹಾಡುತ್ತಿದ್ದುದು ಪದ್ಯರೂಪಕ್ಕೆ ತಂದ ದಾವೀದನ ಕೀರ್ತನೆಗಳನ್ನು, ಅದೂ ನಮ್ಮ ಭಜನೆಯಲ್ಲಿ ನಡೆಯುವಂತೆ ಒಬ್ಬರು ಸಾಲು ಹೇಳಿಕೊಟ್ಟು ಉಳಿದವರು ಅದನ್ನೇ ಎಳೆದು ಹಾಡುವ ಕ್ರಮದಲ್ಲಿ. ಕ್ರಿಸ್ಮಸ್ ಹಬ್ಬದ್ದೂ ಇದೇ ಕಥೆ. ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕುವ ಕಾನೂನು ಮೆಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಜಾರಿಯಲ್ಲಿತ್ತು. ಅದು ರದ್ದಾದ ಮೇಲೂ ಪ್ಯೂರಿಟನ್ ಮನೆಗಳಲ್ಲಿ ಡಿಸೆಂಬರ್ 25 ದುಡಿಮೆಯ ದಿನವಾಗಿಯೇ ಬಹುಕಾಲ ಉಳಿಯಿತು. ಮಂಜು ಬೀಳುವ ಸಂಜೆ, ಅಲಂಕರಿಸಿದ ಮರ, ಉಡುಗೊರೆಯ ಪೊಟ್ಟಣ ಇವೆಲ್ಲ ಮಾರುಕಟ್ಟೆಯ ಬೇಡಿಕೆ.

ಇದಕ್ಕಿಂತ ಆಳವಾದ ತಪ್ಪು ಮಾನಸಾಂತರದ, ಅಂದರೆ ಮನಸ್ಸು ದೇವರ ಕಡೆಗೆ ತಿರುಗುವುದರ, ಚಿತ್ರಣದಲ್ಲಿದೆ. ಇಂದಿನ ಕಾದಂಬರಿಯಲ್ಲಿ ನಾಯಕ ಮೊಣಕಾಲೂರಿ ಒಂದು ಚಿಕ್ಕ ಪ್ರಾರ್ಥನೆ ಹೇಳುತ್ತಾನೆ, ಎದೆಯ ಭಾರ ಇಳಿಯುತ್ತದೆ, ಮುಂದಿನ ಪುಟದಲ್ಲಿ ಅವನು ಬೇರೆಯೇ ಮನುಷ್ಯ. ಹದಿನೇಳನೆಯ ಶತಮಾನದ ಪ್ಯೂರಿಟನ್ನನಿಗೆ ರಕ್ಷಣೆ ಇಷ್ಟು ಸಲೀಸಾಗಿರಲಿಲ್ಲ. ದೇವರು ತನ್ನನ್ನು ಆರಿಸಿಕೊಂಡಿದ್ದಾನೆಯೇ ಇಲ್ಲವೇ ಎಂಬ ಸಂದೇಹದಲ್ಲಿ ವರ್ಷಗಟ್ಟಲೆ ಬೇಯುವುದು, ಸಭೆಗೆ ಪೂರ್ಣ ಸದಸ್ಯನಾಗಿ ಸೇರಬೇಕಾದರೆ ತನ್ನೊಳಗೆ ಕೃಪೆ ಕೆಲಸ ಮಾಡಿದ ಬಗೆಯನ್ನು ಎಲ್ಲರೆದುರು ವಿವರಿಸುವುದು, ಸೇರಿದ ಮೇಲೂ ಅದು ಆತ್ಮವಂಚನೆಯಿರಬಹುದೇ ಎಂದು ಬೆದರುವುದು ಅವನ ಬದುಕಾಗಿತ್ತು. 1730 ಮತ್ತು 1740ರ ದಶಕಗಳಲ್ಲಿ ವಸಾಹತುಗಳಲ್ಲಿ ಎದ್ದ ಮಹಾಜಾಗೃತಿ ಎಂಬ ಧಾರ್ಮಿಕ ಅಲೆಯ ಕಾಲದಲ್ಲಿ ಜೋನಾಥನ್ ಎಡ್ವರ್ಡ್ಸ್, ಜಾರ್ಜ್ ವೈಟ್‌ಫೀಲ್ಡ್ ಅವರ ಬೋಧನೆಯಿಂದ ಭಾವಾವೇಶ ಹೆಚ್ಚಿತು ಎಂಬುದು ನಿಜ. ಸಭೆಗಳು ಒಡೆದು ಎರಡಾದದ್ದೂ ನಿಜ. ಆದರೆ ಸಂದೇಹದ ಕಾವು ಆರಲಿಲ್ಲ. ಅದನ್ನು ಕೈಬಿಟ್ಟ ಕಾದಂಬರಿಕಾರ ಕಥೆಯನ್ನು ಸುಲಭಗೊಳಿಸುತ್ತಾನೆ, ಜೊತೆಗೆ ತನಗೆ ಒದಗಿಬಂದಿದ್ದ ನಾಟಕೀಯತೆಯನ್ನೂ ಕಳೆದುಕೊಳ್ಳುತ್ತಾನೆ.

ಮೂಲನಿವಾಸಿಗಳನ್ನು ಈ ಕಾದಂಬರಿಗಳು ಹೇಗೆ ತೋರಿಸುತ್ತವೆ?

ಹಳೆಯ ಕೃತಿಗಳಲ್ಲಿ ಎರಡೇ ಅಚ್ಚುಗಳಿದ್ದವು: ಕತ್ತಲಿಂದ ಹಾರಿಬರುವ ಕ್ರೂರಿ, ಇಲ್ಲವೇ ಬಿಳಿಯ ಪಾದ್ರಿಯ ಮಾತಿಗೆ ತಲೆದೂಗುವ ಸಾಧು. ಇತ್ತೀಚಿನ ದಶಕಗಳಲ್ಲಿ ಲೇಖಕರು ಹೆಚ್ಚು ಎಚ್ಚರ ವಹಿಸುತ್ತಾರೆ. ಲೆನಾಪೆ, ಶಾನಿ, ಮೋಹಾಕ್, ಚೆರೋಕಿ ಎಂದು ಜನಾಂಗದ ಹೆಸರು ಹಿಡಿದೇ ಬರೆಯುತ್ತಾರೆ, ಅವರ ರಾಜಕೀಯ ಲೆಕ್ಕಾಚಾರಗಳನ್ನೂ ಗಮನಿಸುತ್ತಾರೆ. ಆದರೂ ಒಂದು ದೊಡ್ಡ ಕೊರತೆ ಉಳಿದಿದೆ. ಮೂಲನಿವಾಸಿ ಕ್ರೈಸ್ತ ಎಂಬ ವ್ಯಕ್ತಿ, ತನ್ನದೇ ನಂಬಿಕೆಯುಳ್ಳ, ಯಾರ ನೆರಳೂ ಅಲ್ಲದ ಮನುಷ್ಯನಾಗಿ, ಈ ಕಥೆಗಳಲ್ಲಿ ಅಪರೂಪ.

ಇತಿಹಾಸದಲ್ಲಿ ಅವರು ಅಪರೂಪದವರಾಗಿರಲಿಲ್ಲ. ಎಲಿಯಟ್ ಕಾಲದಲ್ಲಿ ಮೆಸಚೂಸೆಟ್ಸ್‌ನಲ್ಲಿ ಪ್ರಾರ್ಥನೆಯ ಊರುಗಳೆಂದು ಕರೆಯಲಾದ ಹದಿನಾಲ್ಕು ನೆಲೆಗಳಿದ್ದವು. 1675ರಲ್ಲಿ ಕಿಂಗ್ ಫಿಲಿಪ್‌ನ ಯುದ್ಧ ಶುರುವಾದಾಗ ಅಲ್ಲಿನ ಅನೇಕರನ್ನು ಬಾಸ್ಟನ್ ಬಂದರಿನ ಡೀರ್ ದ್ವೀಪಕ್ಕೆ ಸಾಗಿಸಿದರು. ಚಳಿಗಾಲದಲ್ಲಿ ಊಟ, ಸೌದೆ ಇಲ್ಲದೆ ಎಷ್ಟೋ ಜನ ಅಲ್ಲೇ ಸತ್ತರು. 1763ರ ಡಿಸೆಂಬರಿನಲ್ಲಿ ಪ್ಯಾಕ್ಸ್‌ಟನ್ ಹುಡುಗರು ಎಂದು ಹೆಸರಾದ ಗಡಿನಾಡಿನ ಗುಂಪು ಪೆನ್ಸಿಲ್ವೇನಿಯದ ಕಾನೆಸ್ಟೋಗದಲ್ಲಿ ಆರು ಮಂದಿಯನ್ನು, ಎರಡು ವಾರದ ಅನಂತರ ಆಶ್ರಯಕ್ಕೆಂದು ಅದೇ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಪಟ್ಟಣದ (ರೋಲಂಡ್‌ಸನ್ ಅವರ ಲ್ಯಾಂಕಾಸ್ಟರ್ ಬೇರೆ) ಸೆರೆಮನೆಯ ಆವರಣದಲ್ಲಿರಿಸಿದ್ದ ಹದಿನಾಲ್ಕು ಮಂದಿಯನ್ನು ಕೊಂದಿತು. ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಕಟುವಾಗಿ ಖಂಡಿಸಿ ಕಿರುಹೊತ್ತಗೆಯೊಂದನ್ನು ಬರೆದರೂ ಕೊಂದವರಿಗೆ ಶಿಕ್ಷೆಯಾಗಲಿಲ್ಲ.

ಎಲ್ಲಕ್ಕಿಂತ ಭೀಕರವಾದುದು 1782ರ ಮಾರ್ಚ್ 8ರಂದು ಇಂದಿನ ಒಹಾಯೋ ರಾಜ್ಯದ ನಾಡೆನ್‌ಹೂಟನ್ ಎಂಬಲ್ಲಿ ನಡೆಯಿತು. ಅಲ್ಲಿದ್ದವರು ಆಯುಧ ತ್ಯಜಿಸಿದ್ದ ಮೊರೇವಿಯನ್ ಸಭೆಯ ಲೆನಾಪೆ ಕ್ರೈಸ್ತರು. ಹಿಂದಿನ ವರ್ಷ, ಸ್ವಾತಂತ್ರ್ಯಯುದ್ಧದ ನಡುವೆ, ಬ್ರಿಟಿಷರ ಪಕ್ಷದವರು ಅವರನ್ನು ಊರು ಬಿಡಿಸಿ ಸ್ಯಾಂಡಸ್ಕಿ ಕಡೆಗೆ ಅಟ್ಟಿದ್ದರು. ಅಲ್ಲಿ ಹಸಿವು ತಾಳಲಾರದೆ, ಹೊಲದಲ್ಲಿ ಬಿಟ್ಟುಬಂದಿದ್ದ ಮೆಕ್ಕೆಜೋಳವನ್ನು ಕಟಾವು ಮಾಡಲು ಅವರಲ್ಲಿ ಕೆಲವರು ಮರಳಿದ್ದರು. ಪೆನ್ಸಿಲ್ವೇನಿಯದ ಸೈನಿಕ ದಳವೊಂದು ಮೊದಲು ಸ್ನೇಹದ ಮಾತಾಡಿ ಅವರನ್ನು ವಶಕ್ಕೆ ತೆಗೆದುಕೊಂಡು, ಗಡಿಯ ದಾಳಿಗಳಿಗೆ ಅವರೇ ಹೊಣೆಯೆಂದು ಆರೋಪಿಸಿ, ಕೊಲ್ಲುವುದೋ ಬಿಡುವುದೋ ಎಂದು ತಮ್ಮಲ್ಲೇ ಮತ ಹಾಕಿತು. ಕೆಲವರಷ್ಟೇ ವಿರೋಧಿಸಿದರು. ಸಾವಿಗೆ ಸಿದ್ಧರಾಗಲು ಸಮಯ ಕೇಳಿಕೊಂಡ ಸೆರೆಯಾಳುಗಳು ಆ ರಾತ್ರಿಯನ್ನು ಪ್ರಾರ್ಥನೆ ಮತ್ತು ಹಾಡಿನಲ್ಲಿ ಕಳೆದರು. ಬೆಳಗಾದ ಮೇಲೆ 28 ಗಂಡಸರು, 29 ಹೆಂಗಸರು, 39 ಮಕ್ಕಳು, ಒಟ್ಟು 96 ಜನರನ್ನು ಕೊಡತಿಯಿಂದ ಹೊಡೆದು ಕೊಂದರು. ತಪ್ಪಿಸಿಕೊಂಡವರು ಇಬ್ಬರು ಹುಡುಗರು. ಕೊಂದವರ ಸಭೆಗಳಲ್ಲೂ ಸತ್ತವರ ಸಭೆಯಲ್ಲೂ ಓದುತ್ತಿದ್ದುದು ಒಂದೇ ಸತ್ಯವೇದ. ನಾಯಕನ ನಂಬಿಕೆಯನ್ನು ಪರೀಕ್ಷಿಸಲು ಮೂಲನಿವಾಸಿಗಳ ದಾಳಿಯನ್ನೇ ಮತ್ತೆ ಮತ್ತೆ ಬಳಸುವ ಕಾದಂಬರಿಕಾರ ಈ ರಾತ್ರಿಯ ಎದುರು ಒಮ್ಮೆ ಕುಳಿತುಕೊಳ್ಳಬೇಕು.

ಗುಲಾಮಗಿರಿಯ ವಿಷಯವೇನು? ಆ ಕಾಲದ ಒಳ್ಳೆಯ ಕ್ರೈಸ್ತರು ಅದನ್ನು ವಿರೋಧಿಸಲಿಲ್ಲವೇ?

ಕೆಲವರು ವಿರೋಧಿಸಿದರು. 1688ರಲ್ಲಿ ಪೆನ್ಸಿಲ್ವೇನಿಯದ ಜರ್ಮನ್‌ಟೌನ್‌ನ ಕ್ವೇಕರರು ಗುಲಾಮಗಿರಿಯ ವಿರುದ್ಧ ಲಿಖಿತ ಮನವಿ ಸಲ್ಲಿಸಿದರು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವುಲ್‌ಮನ್ ಮನೆಯಿಂದ ಮನೆಗೆ ನಡೆದು ಗುಲಾಮರ ಒಡೆಯರಾದ ಕ್ವೇಕರರ ಮನವೊಲಿಸಲು ಯತ್ನಿಸಿದರು. ಬಹುಪಾಲು ಜನರ ನಿಲುವು ಬೇರೆಯಾಗಿತ್ತು. ದೀಕ್ಷಾಸ್ನಾನ ಪಡೆದ ಮಾತ್ರಕ್ಕೆ ಗುಲಾಮ ಬಿಡುಗಡೆಯಾಗುವುದಿಲ್ಲ ಎಂದು ವರ್ಜೀನಿಯ 1667ರಲ್ಲೇ ಕಾನೂನು ಮಾಡಿತ್ತು, ಎಡ್ವರ್ಡ್ಸ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರು. ಹೀಗಿರುವಾಗ ವರ್ಜೀನಿಯದ ಕಥೆಯ ನಾಯಕರೆಲ್ಲರೂ ಗುಲಾಮಗಿರಿಯ ವಿರೋಧಿಗಳಾಗಿ ಕಂಡುಬಂದರೆ ಲೇಖಕ ಓದುಗನಿಗೆ ನೋವಾಗದಂತೆ ಇತಿಹಾಸವನ್ನು ತಿದ್ದಿದ್ದಾನೆಂದೇ ತಿಳಿಯಬೇಕು.

ಪ್ರತಿಯೊಂದು ಕಥೆಯಲ್ಲೂ ಪ್ರೇಮ ಏಕೆ?

ಓದುಗರು ಕೇಳುತ್ತಾರೆ, ಪ್ರಕಾಶಕರು ಕೊಡುತ್ತಾರೆ. ಇತಿಹಾಸದ ಆಧಾರವೂ ಇಲ್ಲದಿಲ್ಲ: ಗಡಿನಾಡಿನಲ್ಲಿ ಒಂಟಿಯಾಗಿ ಹೊಲ ಮನೆ ನಡೆಸುವುದು ದುಸ್ತರವಾದ್ದರಿಂದ ಗಂಡ ಸತ್ತವಳೂ ಹೆಂಡತಿ ಸತ್ತವನೂ ಬೇಗನೆ ಮರುಮದುವೆಯಾಗುತ್ತಿದ್ದರು, ಪ್ರೀತಿ ಆಮೇಲೆ ಬಂದರೆ ಬಂತು. ಹಡಗಿನ ಖರ್ಚಿಗೆ ಬದಲಾಗಿ ನಾಲ್ಕರಿಂದ ಏಳು ವರ್ಷ ಜೀತದ ಕರಾರಿನ ಮೇಲೆ ಬಂದ ಹೆಣ್ಣುಮಕ್ಕಳು ಒಡೆಯನ ಅನುಮತಿಯಿಲ್ಲದೆ ಮದುವೆಯಾಗುವಂತಿರಲಿಲ್ಲ.

ಕರ್ನಾಟಕಕ್ಕೂ ಈ ಕಥೆಗಳಿಗೂ ಏನಾದರೂ ಸಂಬಂಧವಿದೆಯೇ?

ಕಾದಂಬರಿಗಳಿಗೆ ಇಲ್ಲ, ಅವುಗಳ ಹಿಂದಿನ ಇತಿಹಾಸಕ್ಕೆ ಇದೆ. ಲೆನಾಪೆ ಜನರ ನಡುವೆ ಸುವಾರ್ತೆ ಸಾರಿದ ಡೇವಿಡ್ ಬ್ರೇನರ್ಡ್ 1747ರಲ್ಲಿ, 29ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಎಡ್ವರ್ಡ್ಸ್ ಅವರ ಮನೆಯಲ್ಲಿ ತೀರಿಕೊಂಡರು. ವಿಷಾದ ತುಂಬಿದ ಅವರ ದಿನಚರಿಯನ್ನು ಎಡ್ವರ್ಡ್ಸ್ 1749ರಲ್ಲಿ ಪ್ರಕಟಿಸಿದರು. ಅದನ್ನು ಓದಿ ಪ್ರಭಾವಿತರಾದವರಲ್ಲಿ ಬಂಗಾಳಕ್ಕೆ ಬಂದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯೂ ಒಬ್ಬರು. 1805ರಲ್ಲಿ ಬಂಗಾಳದ ಶ್ರೀರಾಮಪುರದ (ಸೆರಾಂಪೋರ್) ಮಿಷನರಿಗಳು ತಮಗಾಗಿ ಬರೆದುಕೊಂಡ ಒಡಂಬಡಿಕೆಯಲ್ಲಿ, ಅಮೆರಿಕದ ಕಾಡಿನಲ್ಲಿ ಪ್ರಾರ್ಥಿಸುತ್ತಿದ್ದ ಬ್ರೇನರ್ಡ್ ಅವರನ್ನು ಹೆಸರಿಸಿ ನೆನೆಯಲಾಗಿದೆ. ಅದೇ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು.

ಇನ್ನೊಂದು ಸಂಬಂಧ ಯುದ್ಧದ್ದು. ಬ್ರಿಟಿಷರನ್ನು ಎದುರಿಸುತ್ತಿದ್ದ ಮೈಸೂರಿನ ಹೈದರ್ ಅಲಿಯ ಹೆಸರನ್ನು ಪೆನ್ಸಿಲ್ವೇನಿಯ ತನ್ನ ಒಂದು ಯುದ್ಧನೌಕೆಗೆ ಇಟ್ಟಿತ್ತು. ಜೋಶುವ ಬಾರ್ನಿ ಅದರ ನಾಯಕ, 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಅದು ವಶಪಡಿಸಿಕೊಂಡಿತು. ಅದೇ ಪೆನ್ಸಿಲ್ವೇನಿಯದ ಸೈನಿಕರು ನಾಡೆನ್‌ಹೂಟನ್‌ನಿಂದ ಮರಳಿ ಆಗ ಒಂದು ತಿಂಗಳಷ್ಟೇ ಆಗಿತ್ತು.

ಬರೆಯುವವರು ದಿನಾಂಕಗಳ ವಿಷಯದಲ್ಲಿ ಏನನ್ನು ಗಮನಿಸಬೇಕು?

1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿತ್ತು, ಕ್ಯಾಲೆಂಡರ್ ಕೂಡ ಹಳೆಯದು. ಹೊಸ ಕ್ಯಾಲೆಂಡರಿಗೆ ಹೊಂದಿಸಲು ಆ ವರ್ಷದ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಿದರು. ಮಾರ್ಚ್‌ನಲ್ಲಿ ವರ್ಷ ಆರಂಭವಾಗುತ್ತಿದ್ದುದರಿಂದ ರೋಲಂಡ್‌ಸನ್ ಸೆರೆಸಿಕ್ಕ ಫೆಬ್ರವರಿ ತಿಂಗಳು ಅಂದಿನ ಬರಹಗಳಲ್ಲಿ 1675 ಎಂದೇ ಇರುತ್ತದೆ. ಇದನ್ನರಿಯದೆ ಹಳೆಯ ದಿನಚರಿಗಳಿಂದ ಕಥೆ ಹೆಣೆದವರು ಒಂದು ವರ್ಷ ಹಿಂದೆ ಬೀಳುತ್ತಾರೆ.

ಕ್ರೈಸ್ತರಲ್ಲದವರು ಇವುಗಳನ್ನು ಓದಬಹುದೇ? ಎಲ್ಲಿಂದ ಆರಂಭಿಸಬೇಕು?

ಧಾರಾಳವಾಗಿ ಓದಬಹುದು. ವಚನ, ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ದೇವರೊಡನೆ ಜಗಳವಾಡುವ ಭಕ್ತ ಅಪರಿಚಿತನಲ್ಲ. ಆರಂಭವನ್ನು ಕಾದಂಬರಿಯಿಂದ ಮಾಡದೆ ಮೂಲ ಬರಹಗಳಿಂದ ಮಾಡಿದರೆ ಒಳ್ಳೆಯದು: ಮೊದಲು ರೋಲಂಡ್‌ಸನ್ ಅವರ ಚಿಕ್ಕ ಪುಸ್ತಕ, ಅನಂತರ 1774ರಲ್ಲಿ ಪ್ರಕಟವಾದ ವುಲ್‌ಮನ್ ಅವರ ದಿನಚರಿ. ಇವೆರಡನ್ನೂ ಓದಿದ ಮೇಲೆ ಕೈಗೆ ಬರುವ ಯಾವುದೇ ಕಾದಂಬರಿಯಲ್ಲಿ ಮೂಲನಿವಾಸಿ ಕ್ರೈಸ್ತನೊಬ್ಬ ಬಾಯಿ ತೆರೆದು ಮಾತಾಡುವ ಮೊದಲ ಪುಟ ಯಾವುದೆಂದು ಹುಡುಕಿ. ಅಂಥ ಪುಟ ಸಿಗದಿದ್ದರೆ ಪುಸ್ತಕವನ್ನು ಪ್ರೇಮಕಥೆಯೆಂದು ಮಾತ್ರ ಓದಿ ಮುಗಿಸಬಹುದು.